ಅಚ್ಚಿನ ಚಿತ್ರದಲ್ಲಿ ನೆನಪಿಗೆ ಜಾಗವೆಲ್ಲಿ?

ಫಿನ್‌ಲ್ಯಾಂಡಿನ ಕಲಾವಿದೆ ಎಲ್ಲೆನ್ ಥೆಸ್ಲೆಫ್ (1869–1954) ಅವರ ವುಡ್‌ಕಟ್‌ಗಳ, ಅಂದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದದ ಮೇಲೆ ಒತ್ತಿದ ಅಚ್ಚಿನ ಚಿತ್ರಗಳ ಬಗ್ಗೆ ಮಾತನಾಡಿದಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ: ಒಂದೇ ಹಲಗೆಯಿಂದ ಹತ್ತಾರು ಪ್ರತಿ ತೆಗೆಯುವ ಕಲೆಯಲ್ಲಿ, ಅದೂ ಮರ, ನೀರು, ಗುಡ್ಡಗಳ ಚಿತ್ರದಲ್ಲಿ, ಒಬ್ಬರ ಸ್ವಂತ ನೆನಪಿಗೆ ಜಾಗವೆಲ್ಲಿ?

ಅಚ್ಚು ತೆಗೆಯುವ ಕ್ರಮದಲ್ಲಿಯೇ ಇದೆ ಎಂಬುದು ನನ್ನ ಉತ್ತರ. ಥೆಸ್ಲೆಫ್ ಅವರ ಭೂದೃಶ್ಯಗಳು ಬಹುಮಟ್ಟಿಗೆ ಎರಡು ಸೀಮೆಗಳಿಗೆ ಸೇರಿದವು. ಒಂದು, ಕುಟುಂಬದವರು ಬೇಸಿಗೆ ಕಳೆಯುತ್ತಿದ್ದ, ಫಿನ್‌ಲ್ಯಾಂಡಿನ ರುಒವೆಸಿ ಪ್ರದೇಶದ ಸರೋವರಗಳ ನಡುವಿನ ಮುರೊಲೆ. ಇನ್ನೊಂದು, 1894ರಲ್ಲಿ ಮೊದಲ ಸಲ ಇಟಲಿಗೆ ಹೋದ ಮೇಲೆ ಅವರನ್ನು ಮತ್ತೆ ಮತ್ತೆ ಸೆಳೆದ ಫ್ಲಾರೆನ್ಸ್. ಮುರೊಲೆಯ ಮನೆಗೆ ‘ಕಾಸಾ ಬಿಯಾಂಕಾ’ ಎಂಬ ಇಟಾಲಿಯನ್ ಹೆಸರಿತ್ತು ಎಂಬುದನ್ನು ನೋಡಿದರೆ, ಒಂದು ಕಡೆ ಇದ್ದಾಗಲೂ ಅವರ ಮನಸ್ಸು ಇನ್ನೊಂದು ಕಡೆಗೆ ತುಡಿಯುತ್ತಿತ್ತು ಎಂದು ನನಗನ್ನಿಸುತ್ತದೆ.

ಫ್ಲಾರೆನ್ಸಿನಲ್ಲಿ ಪರಿಚಯವಾದ ಇಂಗ್ಲಿಷ್ ರಂಗಕರ್ಮಿ ಎಡ್ವರ್ಡ್ ಗಾರ್ಡನ್ ಕ್ರೇಗ್ ಅವರ ಪ್ರೇರಣೆಯಿಂದ ಥೆಸ್ಲೆಫ್ ಮರ ಕೆತ್ತಲು ತೊಡಗಿದರು. ಕುಂಚ ಹಿಡಿದವರು ದಡದಲ್ಲಿ ಕುಳಿತು ಎದುರಿನ ನೀರನ್ನು ನೋಡುತ್ತಲೇ ಬಣ್ಣ ಹಚ್ಚಬಹುದು. ಹಲಗೆ ಕೆತ್ತುವವರಿಗೆ ಆ ಅನುಕೂಲವಿಲ್ಲ. ಎಡಬಲಗಳನ್ನು ಅದಲುಬದಲು ಮಾಡಿ, ಬಿಳಿಯಾಗಿ ಉಳಿಯಬೇಕಾದ ಜಾಗವನ್ನೆಲ್ಲ ತೋಡಿ ತೆಗೆಯುತ್ತಾ, ಕಂಡದ್ದರಲ್ಲಿ ಯಾವ ಗೆರೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೆಜ್ಜೆಹೆಜ್ಜೆಗೂ ನಿರ್ಧರಿಸಬೇಕು. ನೆನಪು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ ತಾನೆ?

ಬಣ್ಣದ ವಿಷಯದಲ್ಲಿ ಅವರು ಇನ್ನೂ ಮುಂದೆ ಹೋದರು, ನನಗೆ ಅತ್ಯಂತ ಪ್ರಿಯವಾದದ್ದೂ ಇದೇ. ರೂಢಿಯ ಪ್ರಕಾರ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೆತ್ತಿ, ಎಲ್ಲವೂ ಕೂದಲೆಳೆಯಷ್ಟೂ ಜರುಗದಂತೆ ಒಂದರ ಮೇಲೊಂದು ಒತ್ತುತ್ತಾರೆ. ಪ್ರತಿಗಳೆಲ್ಲ ಒಂದೇ ತೆರನಾಗಿ ಬಂದರೆ ಕೆಲಸ ಗೆದ್ದಂತೆ. ಥೆಸ್ಲೆಫ್ ಅವರಾದರೋ ಹಲಗೆಯ ಮೇಲೆ ಚಿತ್ರ ಬರೆಯುವಂತೆಯೇ ಬಣ್ಣ ಹಚ್ಚಿ ಅಚ್ಚು ತೆಗೆಯುತ್ತಿದ್ದರು. ಹಾಗಾಗಿ ಕೆತ್ತಿದ ಗೆರೆ ಅದೇ ಇದ್ದರೂ ಬೆಳಕು ಒಂದು ಪ್ರತಿಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಗೆರೆ ನೋಡಿದ ಸ್ಥಳಕ್ಕೆ ಸೇರಿದ್ದು, ಬಣ್ಣ ನೆನೆದ ಗಳಿಗೆಗೆ ಸೇರಿದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಆದ್ದರಿಂದ ಈ ಪ್ರಶ್ನೆ ಕೇಳುವವರಲ್ಲಿ ನನ್ನದೊಂದು ಕೋರಿಕೆ: ಅವರ ಒಂದೇ ಮುದ್ರಣವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಒಂದೇ ಹಲಗೆಯ ಎರಡು ಪ್ರತಿಗಳು ಸಿಕ್ಕರೆ ಅಕ್ಕಪಕ್ಕ ಇಟ್ಟು, ಮೊದಲು ಬಣ್ಣಗಳನ್ನು ಹೋಲಿಸಿ ನೋಡಿ.