ಬಫರ್‌ನಲ್ಲಿ ಪಾಸ್, ಸೀರಮ್‌ನಲ್ಲಿ ಫೇಲ್

ರಕ್ತದಲ್ಲಿ ಯೂರಿಕ್ ಆಸಿಡ್ ಎಷ್ಟಿದೆ ಅಂತ ಅಳೆಯುವ ಸ್ಟ್ರಿಪ್ ಮಾಡುವವರಿಗೆ ಒಂದು ಮಾತು. ಪಿಬಿಎಸ್ ಅನ್ನೋ ಬಫರ್‌ನಲ್ಲಿ, ಅಂದ್ರೆ ಬರೀ ಉಪ್ಪಿನ ದ್ರಾವಣದಲ್ಲಿ, ಬಂದ ಕ್ಯಾಲಿಬ್ರೇಷನ್ ಗೆರೆ ನೋಡಿ ಬ್ಯಾಚ್ ಪಾಸ್ ಮಾಡಬೇಡಿ. ಬೆಳಗಾವಿಯ ನಮ್ಮ ಲ್ಯಾಬ್‌ನಲ್ಲಿ ಕಳೆದ ಮಳೆಗಾಲದಲ್ಲಿ ಆದದ್ದು ನನಗಿನ್ನೂ ಚುಚ್ಚುತ್ತದೆ.

ಅವತ್ತು ಡೆಮೊ. ಡಾಕ್ಟರೊಬ್ಬರು ಒಬ್ಬ ರೋಗಿಯ ಆಗಷ್ಟೇ ತೆಗೆದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ತಂದಿದ್ದರು. ಆಸ್ಪತ್ರೆಯ ರಿಪೋರ್ಟ್‌ನಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 5.8 ಮಿಲಿಗ್ರಾಂ ಇತ್ತು. ನಮ್ಮ ಸ್ಟ್ರಿಪ್ 8.1 ತೋರಿಸಿತು. ಇನ್ನೊಂದು ಸ್ಟ್ರಿಪ್ ಹಾಕಿದೆವು, ಅದೂ ಎಂಟರ ಮೇಲೆಯೇ. ಗಂಡಸರಿಗೆ ಏಳು ದಾಟಿದರೆ ಜಾಸ್ತಿ ಅಂತಲೇ ಲೆಕ್ಕ ಅಲ್ವಾ? ಡಾಕ್ಟರ್ ಮೆಲ್ಲಗೆ ಕೇಳಿದರು: "ಇದನ್ನ ನಂಬಿ ನಾನು ಗುಳಿಗಿ ಬರೆದುಬಿಟ್ರೆ?" ಯಾರೂ ಉತ್ತರ ಕೊಡಲಿಲ್ಲ. ನಮ್ಮೆಲ್ಲರ ಅನುಮಾನ ಮೊದಲು ಹೋಗಿದ್ದು ಆಸ್ಪತ್ರೆಯ ಲ್ಯಾಬ್ ಮೇಲೆ. ಬಫರ್‌ನಲ್ಲಿ ಅಷ್ಟು ನೇರ ಗೆರೆ ಬಂದಿತ್ತಲ್ಲ!

ವೋಲ್ಟೇಜ್ ಏರಿಸುತ್ತ ಕರೆಂಟ್ ಅಳೆಯುವ ಡಿಪಿವಿ ಸ್ಕ್ಯಾನಿನ ಗ್ರಾಫ್ ದೊಡ್ಡದು ಮಾಡಿ ನೋಡಿದರೆ ಪೀಕ್ ಎಡಗಡೆ ಉಬ್ಬಿತ್ತು. ನಮ್ಮ ಜೂನಿಯರ್ ಹುಡುಗಿ ಸುಮ್ನೆ ಕೂರಲಿಲ್ಲ. ಸ್ಯಾಂಪಲ್‌ಗೆ ಯೂರಿಕೇಸ್ ಅನ್ನೋ ಎಂಜೈಮು ಹಾಕಿ ಕಾದು, ಮತ್ತೆ ಸ್ಕ್ಯಾನ್ ಮಾಡಿದಳು. ಯೂರಿಕ್ ಆಸಿಡ್ ಅಷ್ಟೇ ಇದ್ದಿದ್ದರೆ ಪೀಕ್ ಪೂರ್ತಿ ಹೋಗಬೇಕಿತ್ತು. "ಪೂರಾ ಇಳೀವಲ್ದ್ರೀ ಸರ್" ಅಂದಳು. ಆ ಎಂಜೈಮು ಯೂರಿಕ್ ಆಸಿಡನ್ನು ಮಾತ್ರ ತಿನ್ನುತ್ತದೆ. ಹಾಗಾದರೆ ಉಳಿದದ್ದೇನು? ಡಾಕ್ಟರ್ ಫೋನ್ ಮಾಡಿ ವಿಚಾರಿಸಿದರು. ಆ ಮನುಷ್ಯ ದಿನಾ ವಿಟಮಿನ್ ಸಿ ಮಾತ್ರೆ ತಗೊಳ್ತಿದ್ದ.

ಸ್ಟ್ರಿಪ್‌ನ ಎಲೆಕ್ಟ್ರೋಡ್ ಬರೀ ಕಾರ್ಬನ್ ಆಗಿದ್ದರೆ ಅದರ ಮೇಲೆ ವಿಟಮಿನ್ ಸಿ, ಯೂರಿಕ್ ಆಸಿಡ್ ಎರಡೂ ಹತ್ತಿರ ಹತ್ತಿರದ ವೋಲ್ಟೇಜಿನಲ್ಲೇ ಆಕ್ಸಿಡೈಸ್ ಆಗುತ್ತವೆ. ಆ ಎರಡು ಪೀಕ್ ದೂರ ಮಾಡಲಿ ಅಂತಲೇ ಪೆಡಾಟ್ ಅನ್ನೋ ಕರೆಂಟ್ ಹರಿಸುವ ಪಾಲಿಮರ್ ಜೊತೆ ಕಾರ್ಬನ್ ನ್ಯಾನೊಟ್ಯೂಬ್ (ಅತಿ ಸಣ್ಣ ಕಾರ್ಬನ್ ಕೊಳವೆಗಳು) ಅದರ ಮೇಲೆ ಹಾಕುವುದು. ಆದರೆ ನಾವು ಡ್ರಾಪ್ ಕಾಸ್ಟ್ ಮಾಡುತ್ತಿದ್ದೆವು, ಅಂದ್ರೆ ಆ ಮಿಶ್ರಣದ ಹನಿ ಹಾಕಿ ಒಣಗಿಸುತ್ತಿದ್ದೆವು. ಜುಲೈ ತಿಂಗಳ ತೇವದಲ್ಲಿ ಹನಿ ಒಣಗಲು ಬಹಳ ಹೊತ್ತು ಹಿಡಿಯಿತು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ನ್ಯಾನೊಟ್ಯೂಬೆಲ್ಲ ಅಂಚಿಗೆ ಸರಿದಿತ್ತು, ಚಹಾ ಲೋಟ ಇಟ್ಟ ಜಾಗದ ಕಲೆಯ ಹಾಗೆ. ನಡುವೆ ಬರೀ ಕಾರ್ಬನ್. ಬಫರ್‌ನಲ್ಲಿ ವಿಟಮಿನ್ ಸಿ ಇರಲಿಲ್ಲ, ಹಾಗಾಗಿ ಅಲ್ಲಿ ಏನೂ ಗೊತ್ತಾಗಲಿಲ್ಲ.

ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಕೇಳಿ ಮಳೆ ಶುರುವಾಗುವ ಮೊದಲೇ ಮೇಲಿನವರಿಗೆ ಬರೆದುಕೊಟ್ಟಿದ್ದೆವು. "ಮುಂದಿನ ಬಜೆಟ್‌ನಲ್ಲಿ ನೋಡೋಣ" ಅಂದಿದ್ದರು. ಅದೇ ವಾರ ಬ್ರೋಷರ್ ಮಾತ್ರ ಪ್ರಿಂಟ್ ಆಯಿತು, ಬಫರ್ ಗ್ರಾಫ್ ಹಾಕಿಕೊಂಡು. ರೋಗಿಯ ಔಷಧಿ ನಿರ್ಧಾರ ಮಾಡುವ ನಂಬರಿಗೆ ಇಷ್ಟು ಆತುರ ಸಲ್ಲದು. ಇದನ್ನು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಈಗ ಡ್ರಾಪ್ ಕಾಸ್ಟ್ ಬಿಟ್ಟಿದ್ದೇವೆ. ಆಸಿಡ್ ಟ್ರೀಟ್ ಮಾಡಿದ ನ್ಯಾನೊಟ್ಯೂಬ್‌ಗೆ ನೆಗೆಟಿವ್ ಚಾರ್ಜ್ ಇರುತ್ತದೆ. ಇಡಾಟ್ (ಪೆಡಾಟ್ ಆಗುವ ಮೂಲ ವಸ್ತು) ದ್ರಾವಣಕ್ಕೆ ಅದನ್ನು ಸೇರಿಸಿ, ಕರೆಂಟ್ ಹರಿಸಿ ಎಲೆಕ್ಟ್ರೋಡ್ ಮೇಲೇ ಪಾಲಿಮರ್ ಬೆಳೆಸಿದರೆ, ನ್ಯಾನೊಟ್ಯೂಬೇ ಪಾಲಿಮರಿನ ಪಾಸಿಟಿವ್ ಚಾರ್ಜ್ ಸರಿದೂಗಿಸುವ ಡೋಪಂಟ್ ಆಗಿ ಫಿಲ್ಮ್ ಒಳಗೆ ಕೂರುತ್ತದೆ. ಎಷ್ಟು ಚಾರ್ಜ್ ಹರಿಯಿತು ಅಂತ ನೋಡಿ ಫಿಲ್ಮ್‌ನ ದಪ್ಪ ಹಿಡಿತದಲ್ಲಿಡಬಹುದು. ಪ್ರತಿ ಬ್ಯಾಚಿನಿಂದ ಕೆಲವು ಸ್ಟ್ರಿಪ್ ತೆಗೆದು, ವಿಟಮಿನ್ ಸಿ ಬೆರೆಸಿದ ಸೀರಮ್‌ನಲ್ಲಿ ಯೂರಿಕೇಸ್ ಟೆಸ್ಟ್ ಮಾಡುತ್ತೇವೆ. ಅದು ಪಾಸಾಗದೆ ನಾನು ಸಹಿ ಹಾಕುವುದಿಲ್ಲ. ಸೀರಮ್‌ನ ಪ್ರೋಟೀನ್ ಫಿಲ್ಮ್‌ಗೆ ಅಂಟಿ ಸಿಗ್ನಲ್ ಇಳಿಸುವ ತೊಂದರೆ ಮಾತ್ರ ಇನ್ನೂ ಬಗೆಹರಿದಿಲ್ಲ. ಅದಕ್ಕೇ ಒಂದು ಸ್ಟ್ರಿಪ್ ಒಂದೇ ಸಲ.