ಅಮ್ಮನ ಹಾಲ್, ಕೆಂಪು ನೆಲ, ಮತ್ತೆ ಆ ಒಂದು ಗೋಡೆ

ಕಳೆದ ಆಗಸ್ಟ್‌ನಲ್ಲಿ ನಾನು, ನನ್ನ ತಮ್ಮ ಸೇರಿ ಅಮ್ಮನ ಮನೆಯ ಹಾಲ್ ಪೂರ್ತಿ ಖಾಲಿ ಮಾಡಿದೆವು. ಹನುಮಂತನಗರದ ಮನೆ, ತಾತ 1974ರಲ್ಲಿ ಕಟ್ಟಿಸಿದ್ದು. ಗೌರಿ ಹಬ್ಬಕ್ಕೆ ಇನ್ನೂ ಮೂರೂವರೆ ವಾರ ಇತ್ತು. ಗೊತ್ತಿದ್ದ ಪೇಂಟರ್‌ಗಳನ್ನೆಲ್ಲ ಕೇಳಿದೆವು, ಹಬ್ಬ ಮುಗಿಯೋವರೆಗೂ ಯಾರಿಗೂ ಬಿಡುವಿಲ್ಲ. ಹಾಗಾದರೆ ನಾವೇ ಮಾಡೋಣ ಅಂದುಕೊಂಡೆವು. ಇಬ್ಬರೂ ಅಲ್ಲಿಯವರೆಗೆ ಒಂದು ಬಾಗಿಲಿಗೂ ಬಣ್ಣ ಹೊಡೆದವರಲ್ಲ. ಅಮ್ಮ ಬೇಡ ಅನ್ನಲಿಲ್ಲ, ಆದರೆ ಒಂದು ಮಾತು ಅಂದಳು: "ಮಳೆಗಾಲದಲ್ಲಿ ಯಾರು ಸುಣ್ಣ ಬಣ್ಣ ಮಾಡ್ತಾರೆ ಕಣೇ? ಅದು ಯುಗಾದಿಗೆ ಮಾಡೋದು."

ನಾನು ಕೇಳಲಿಲ್ಲ. ಹಬ್ಬಕ್ಕೆ ದೊಡ್ಡಮ್ಮನ ಮನೆಯವರೆಲ್ಲ ಬರುವವರಿದ್ದರು.

ಸೋಫಾ, ಟೀವಿ ಸ್ಟ್ಯಾಂಡ್, ಶೋಕೇಸ್ ಎಲ್ಲ ಒಳಗಿನ ರೂಮಿಗೆ ಹೋದ ಮೇಲೆ ಉಳಿದದ್ದು ನೆಲದ ಮೇಲಿನ ವಿನೈಲ್ ಹಾಸು. ಹನ್ನೆರಡು ವರ್ಷದ ಹಿಂದೆ ಹಾಕಿಸಿದ್ದು, ಮರದ ಹಲಗೆ ಥರ ಕಾಣೋ ಡಿಸೈನ್. ಮೂಲೆಯಿಂದ ಅದನ್ನು ಎತ್ತಿ ಸುತ್ತುತ್ತಾ ಬಂದಾಗ ಅಡಿಯಲ್ಲಿದ್ದ ರೆಡ್ ಆಕ್ಸೈಡ್ ನೆಲ ಮತ್ತೆ ಕಂಡಿತು. ಧೂಳು ಹಿಡಿದು ಬಿಳಚಿಕೊಂಡಿತ್ತು, ಅಷ್ಟೇ. ಒಂದು ಕಡೆಯೂ ಕಿತ್ತು ಬಂದಿರಲಿಲ್ಲ. ಅಮ್ಮ ಬಾಗಿಲ ಹತ್ತಿರ ಕೂತು ಒದ್ದೆ ಬಟ್ಟೆಯಲ್ಲಿ ಅಂಗೈ ಅಗಲ ಜಾಗ ಒರೆಸಿದಳು. ಅಷ್ಟು ಜಾಗ ಮಾತ್ರ ಕಡು ಕೆಂಪಾಗಿ, ಒಳಗಿಂದ ಹೊಳೆಯೋ ಹಾಗೆ ಎದ್ದು ಬಂತು. ಹತ್ತಿರದಿಂದ ನೋಡಿದರೆ ಅದರಲ್ಲಿ ಕರಣೆ ಎಳೆದ ಅರ್ಧಚಂದ್ರದ ಗುರುತುಗಳು ಸಣ್ಣಗೆ ಕಾಣುತ್ತಿದ್ದವು. ಐವತ್ತು ವರ್ಷದ ಹಿಂದೆ ಯಾರೋ ಗಾರೆಯವರು ಮಂಡಿಯೂರಿ ಕೂತು, ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಒಣಗುವ ಮುಂಚೆ ಉಜ್ಜಿ ಉಜ್ಜಿ ನುಣುಪು ಮಾಡಿದ ಕೈ ಅದು. ಹಾಲ್‌ಗೆ ಟೈಲ್ಸ್ ಹಾಕಿಸೋಣ ಅಂತ ಎರಡು ವರ್ಷದಿಂದ ಮಾತಾಡುತ್ತಿದ್ದೆವು. ಆ ಮಾತು ಅವತ್ತಿಗೆ ನಿಂತಿತು.

ಇಂಥ ನೆಲ ನಿಮ್ಮ ಮನೆಯಲ್ಲೂ ಇದ್ದರೆ ಒಂದು ವಿಷಯ ಗಮನದಲ್ಲಿರಲಿ: ಬಾತ್‌ರೂಮ್ ತೊಳೆಯೋ ಆಸಿಡ್ ಮುಟ್ಟಿಸಲೇಬೇಡಿ. ಇದು ಸಿಮೆಂಟ್, ಆಸಿಡ್ ಬಿದ್ದ ಕಡೆ ಮೇಲಿನ ನುಣುಪು ತಿಂದುಹೋಗುತ್ತೆ. ಆಮೇಲೆ ಅದಕ್ಕೆ ತೇಪೆ ಹಾಕಿದರೂ ಬಣ್ಣ ಸೇರಲ್ಲ. ನಾವು ಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ತೆಂಗಿನ ನಾರಿನ ಬದಲು ಮೆತ್ತಗಿನ ಸ್ಪಾಂಜ್‌ನಲ್ಲಿ ಎರಡು ಸಲ ತೊಳೆದೆವು. ಪೂರ್ತಿ ಒಣಗಿದ ಮೇಲೆ ಹಳೇ ಪಂಚೆ ಬಟ್ಟೆಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿದೆವು. ಈ ಕೊನೇ ಒರೆಸೋದು ತಪ್ಪಿಸಬೇಡಿ. ಎಣ್ಣೆ ಜಾಸ್ತಿ ಉಳಿದರೆ ನೆಲ ಜಾರುತ್ತೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದು ಸಣ್ಣ ವಿಷಯ ಅಲ್ಲ.

ನೆಲ ಹೀಗೆ ಸುಲಭವಾಗಿ ಒಲಿಯಿತು. ಗೋಡೆ ಹಾಗಲ್ಲ.

ಗೋಡೆಗೆ ಇದ್ದದ್ದು ಹಳೇ ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿಯಂಥ ಅಗ್ಗದ ಬಣ್ಣ. ಅಂಗೈಯಿಂದ ಉಜ್ಜಿ ನೋಡಿದರೆ ಕೈಯೆಲ್ಲ ಬೆಳ್ಳಗಾಗುತ್ತಿತ್ತು. ಹೀಗೆ ಪುಡಿ ಬರೋ ಗೋಡೆಯ ಮೇಲೆ ನೇರವಾಗಿ ಎಮಲ್ಷನ್ (ಒಣಗಿದ ಮೇಲೆ ಪ್ಲಾಸ್ಟಿಕ್ ಪದರದ ಹಾಗೆ ಕೂರೋ ಈಗಿನ ಬಣ್ಣ) ಹೊಡೆದರೆ ಅದು ಹಿಡಿಯೋದು ಗೋಡೆಯನ್ನಲ್ಲ, ಆ ಪುಡಿಯನ್ನ. ಪುಡಿ ಉದುರಿದ ದಿನ ಬಣ್ಣವೂ ಹಾಳೆ ಹಾಳೆಯಾಗಿ ಬರುತ್ತೆ. ಹಾಗಾಗಿ ಸ್ಪಂಜಿನಿಂದ ಗೋಡೆ ಒದ್ದೆ ಮಾಡುವುದು, ಹತ್ತು ನಿಮಿಷ ಬಿಡುವುದು, ಸ್ಕ್ರೇಪರ್‌ನಿಂದ ಕೆರೆಯುವುದು. ನಾಲ್ಕು ಸಂಜೆ ಇದೇ ಕೆಲಸ. ತಿಳಿ ಹಸಿರಿನ ಕೆಳಗೆ ಗುಲಾಬಿ, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ. ಆ ನೀಲಿ ಕಂಡಾಗ ಅಮ್ಮ "ಇದು ನನ್ನ ಮದುವೆಗೆ ಹೊಡೆಸಿದ್ದು" ಅಂದಳು. ತುಂಬ ಹೊತ್ತು ಅಲ್ಲೇ ನಿಂತಿದ್ದಳು.

ಕಿಟಕಿ ಚೌಕಟ್ಟಿನ ಹಳೇ ಹಸಿರು ಆಯಿಲ್ ಪೇಂಟ್ ಮಾತ್ರ ಒಣಗಿದ ಹಾಗೇ ಉಜ್ಜಲಿಲ್ಲ, ಅದರ ಧೂಳಿನಲ್ಲಿ ಸೀಸದ (ಲೆಡ್) ವಿಷ ಇರಬಹುದು. ನಮ್ಮಲ್ಲಿ ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜೋ ಉಪ್ಪು ಕಾಗದ) ಉಜ್ಜಿ, ಆ ಕೆಸರನ್ನು ಪೇಪರ್‌ನಲ್ಲಿ ಸುತ್ತಿ ತೆಗೆದೆವು. ತಮ್ಮನ ಮಗಳಿಗೆ ಮೂರು ವರ್ಷ, ಅವಳನ್ನು ಆ ಎರಡು ದಿನ ಅವಳ ಅಮ್ಮನ ತವರಿಗೆ ಕಳಿಸಿದ್ದೆವು.

ಆಮೇಲೆ ಪುಟ್ಟಿ, ಅಂದರೆ ಬಣ್ಣಕ್ಕೆ ಮುಂಚೆ ಗೋಡೆ ನುಣುಪು ಮಾಡೋಕೆ ಹಚ್ಚೋ ಬಿಳಿ ಹಿಟ್ಟು. ಒಂದು ಸಲಕ್ಕೆ ಒಂದು ಕೆಜಿಗಿಂತ ಜಾಸ್ತಿ ಕಲಸಬೇಡಿ, ಕೈ ಪಳಗದವರಿಗೆ ಅಷ್ಟು ಮುಗಿಸೋದೇ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಬಾಂಡ್ಲಿಯಲ್ಲಿ ಉಳಿದದ್ದು ಗಟ್ಟಿಯಾಗುತ್ತೆ. ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿನಷ್ಟು ಹದ. ತೆಳ್ಳಗೆ ಎರಡು ಸಲ ಎಳೆಯಬೇಕು, ದಪ್ಪಗೆ ಒಂದು ಸಲ ಅಲ್ಲ. ದಪ್ಪ ಆದರೆ ಬಿರುಕು ಬಿಡುತ್ತೆ. ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜುವಾಗ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಲಾಗಿ ಹಿಡಿದು ನೋಡಿ. ಹಗಲು ಸಮವಾಗಿ ಕಂಡ ಗೋಡೆಯಲ್ಲಿ ಪ್ರತಿ ಉಬ್ಬು, ಪ್ರತಿ ಗೀರಿಗೂ ನೆರಳು ಬೀಳುತ್ತೆ. ಆ ನೆರಳು ಹಿಡಿದು ಉಜ್ಜಿದ್ದಕ್ಕೇ ಇವತ್ತು ಗೋಡೆ ಚೆನ್ನಾಗಿ ಕಾಣುತ್ತಿರೋದು.

ಬಣ್ಣ ಆರಿಸೋದರಲ್ಲಿ ಶೇಡ್ ಕಾರ್ಡ್ ನಂಬಬಾರದು ಅಂತ ಗೊತ್ತಾದದ್ದು ಈ ಕೆಂಪು ನೆಲದಿಂದ. ಅಚ್ಚ ಬಿಳಿ ಬೇಕು ಅಂತ ನನಗೆ ತುಂಬ ಆಸೆ ಇತ್ತು. ಚಿಕ್ಕ ಡಬ್ಬ ತಂದು ಎರಡಡಿ ಚೌಕ ಹೊಡೆದು ನೋಡಿದೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಾಗ ಆ ಕೆಂಪು ಗೋಡೆಗೆ ಹತ್ತಿ ಬಿಳಿಯೆಲ್ಲ ಗುಲಾಬಿಯಾಯಿತು. ಸ್ವಲ್ಪ ಹಳದಿ ಸೇರಿದ್ದು, ಹುರಿದ ರವೆಯ ಥರದ್ದು, ಹೊಡೆದ ಮೇಲೆ ಆ ಕೆಂಪು ಅದರೊಳಗೆ ಸುಮ್ನೆ ಕರಗಿಹೋಯಿತು. ಹಾಲ್ 14 ಅಡಿಗೆ 11, ಗೋಡೆ 10 ಅಡಿ ಎತ್ತರ. ಬಾಗಿಲು ಕಿಟಕಿ ಕಳೆದು 430 ಚದರಡಿ. ಲೀಟರಿಗೆ ಎರಡು ಕೋಟ್ ಸೇರಿ 50ರಿಂದ 60 ಚದರಡಿ ಅಂತ ಲೆಕ್ಕ ಹಾಕಿ, ನಾಲ್ಕು ಲೀಟರಿನ ಎರಡು ಡಬ್ಬ ತಂದು, ಎರಡನ್ನೂ ದೊಡ್ಡ ಬಕೆಟ್‌ನಲ್ಲಿ ಒಟ್ಟಿಗೆ ಕಲಸಿದೆವು. ಬೇರೆ ಬೇರೆ ಡಬ್ಬದ ಶೇಡ್‌ನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಗೋಡೆಯ ಮಧ್ಯೆ ಗೆರೆ ಥರ ಕಾಣುತ್ತೆ.

ಪ್ರೈಮರ್, ಎರಡು ಕೋಟ್ ಬಣ್ಣ, ಇವೆಲ್ಲ ಸೇರಿ ಮೂರೇ ದಿನದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳೋದಕ್ಕೆ ಜಾಸ್ತಿ ಏನೂ ಇಲ್ಲ.

ಹಬ್ಬಕ್ಕೆ ಐದು ದಿನ ಇರುವಾಗ ಬಾತ್‌ರೂಮ್ ಪಕ್ಕದ ಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಉದ್ದಿನ ಕಾಳಿನಷ್ಟು ಒಂದು ಬೊಬ್ಬೆ ಎದ್ದಿತು. ಮಾರನೇ ದಿನ ಅದು ಪೂರಿಯಷ್ಟಾಯಿತು. ಬೆರಳಿಂದ ಒತ್ತಿದೆ. ಬಣ್ಣ ಒಡೆದು ಒಂದು ಹನಿ ನೀರು ಮಣಿಕಟ್ಟಿನವರೆಗೆ ಹರಿಯಿತು. ಆಗ ನನಗೆ ನಿಜವಾಗಿ ಅಳು ಬಂತು. ಕೆರೆಯುವಾಗ ಆ ಜಾಗದಲ್ಲಿ ಗಾರೆ ಬೇರೆ ಕಡೆಗಿಂತ ಮೆತ್ತಗಿತ್ತು, ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಅದನ್ನು ನೋಡಿದ್ದೆ. ಹಬ್ಬದ ಅವಸರದಲ್ಲಿ ಅದರ ಮೇಲೇ ಪುಟ್ಟಿ ಎಳೆದಿದ್ದೆ.

ತಮ್ಮ ಆ ಗೋಡೆಯ ಬಣ್ಣ, ಪುಟ್ಟಿ ಎಲ್ಲ ಇಟ್ಟಿಗೆ ಕಾಣೋವರೆಗೂ ಕೆರೆದ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ಟೆವು. ಹಾಳೆಯ ಹೊರಗಡೆ ಹನಿ ಕಟ್ಟಿದರೆ ಅದು ರೂಮಿನ ಗಾಳಿಯ ತೇವ, ಒಳಗಡೆ ಕಟ್ಟಿದರೆ ಗೋಡೆಯದ್ದು. ನಮ್ಮದು ಒಳಗಡೆ, ಸಾಲಾಗಿ, ಮುತ್ತು ಪೋಣಿಸಿದ ಹಾಗೆ. ಪ್ಲಂಬರ್ ಬಂದು ನೋಡಿದರೆ ಗೋಡೆಯೊಳಗೆ ನಲ್ಲಿಗೆ ಹೋಗೋ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಎಲ್ಬೋ, ಅಂದರೆ ತಿರುವಿನ ಜಾಯಿಂಟ್, ತುಕ್ಕು ಹಿಡಿದು ಜಿನುಗುತ್ತಿತ್ತು. ಎಷ್ಟು ವರ್ಷದಿಂದಲೋ ಏನೋ. ಡಿಸ್ಟೆಂಪರ್ ಆ ತೇವವನ್ನು ಹೊರಗೆ ಬಿಡುತ್ತಾ ಬಂದಿತ್ತು, ಎಮಲ್ಷನ್ ಅದನ್ನು ಒಳಗೇ ಹಿಡಿಯಿತು, ಅದಕ್ಕೇ ಊದಿಕೊಂಡಿತು.

ಪೈಪ್ ಬದಲಾಯಿಸಿದೆವು. ಆದರೆ ಇಟ್ಟಿಗೆ ಗೋಡೆ ವಾರದಲ್ಲಿ ಒಣಗಲ್ಲ, ಅದರಲ್ಲೂ ಬೆಂಗಳೂರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜಾಸ್ತಿ. ಅಮ್ಮ ಹೇಳಿದ ಯುಗಾದಿ ಲೆಕ್ಕ ಆಗ ಅರ್ಥವಾಯಿತು. ಮಾರ್ಚ್ ಹೊತ್ತಿಗೆ ಮೂರು ತಿಂಗಳ ಒಣ ಹವೆ ಕಳೆದಿರುತ್ತೆ, ಗೋಡೆ ಒಳಗಿಂದ ಒಣಗಿರುತ್ತೆ, ಬಣ್ಣ ಚೆನ್ನಾಗಿ ಹಿಡಿಯುತ್ತೆ. ಹಿಂದಿನವರು ಹಬ್ಬದ ನೆಪದಲ್ಲಿ ಸರಿಯಾದ ತಿಂಗಳನ್ನೇ ಹಿಡಿದಿದ್ದರು, ಅಲ್ವಾ?

ಹಬ್ಬದ ದಿನ ಮೂರು ಗೋಡೆಗೆ ಬಣ್ಣ, ಒಂದರಲ್ಲಿ ಇಟ್ಟಿಗೆ. ಸೋಫಾ ಅಡ್ಡ ಇಟ್ಟು ಮುಚ್ಚೋಣ ಅಂದರೆ ಗಾಳಿ ಆಡಲ್ಲ, ಹಾಗಾಗಿ ಬಯಲಾಗೇ ಬಿಟ್ಟೆವು. ದೊಡ್ಡಮ್ಮ ಬಂದವರೇ ಗೋಡೆ ಕಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು, "ಅಯ್ಯೋ, ನಮ್ಮ ಅಪ್ಪನ ನೆಲ!" ಅಂತ ಅಲ್ಲೇ ಕೂತುಬಿಟ್ಟರು. ಅವತ್ತು ಎಲ್ಲರೂ ಸೋಫಾ ಬಿಟ್ಟು ನೆಲದ ಮೇಲೇ ಕೂತು ಕಡುಬು ತಿಂದರು.

ಉಳಿದ ಕೆಲಸ ಆಮೇಲೆ ನಿಧಾನವಾಗಿ ಮಾಡಿದೆವು. ಚಿಕ್ಕಪೇಟೆಯಿಂದ ಕರ್ಟನ್ ಬಟ್ಟೆ ತಂದೆವು. ದಿಂಬಿನ ಕವರ್‌ಗೆ ಅಮ್ಮನ ಹತ್ತಿರ ಹೊಲಿಸದೆ ಉಳಿದಿದ್ದ ಗುಳೇದಗುಡ್ಡದ ಖಣ ಬಳಸಿದೆವು. ಕಣ್ಣು ಕುಕ್ಕುತ್ತಿದ್ದ ಬಿಳಿ ಟ್ಯೂಬ್‌ಲೈಟ್ ಬದಲು ಹಳದಿ ಬೆಳಕಿನ ಎರಡು ದೀಪ ಬಂದವು. ಕರ್ಟನ್ ರಾಡಿಗೆ ಡ್ರಿಲ್ ಮಾಡುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ, ವೈರಿನ ಪೈಪ್ ಸಾಮಾನ್ಯವಾಗಿ ಅಲ್ಲೇ ಹಾದುಹೋಗಿರುತ್ತೆ.

ಜನವರಿ ಕೊನೆಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿದೆ. ಕೆಳಗಿನ ಮೂಲೆಯಲ್ಲಿ ಮೂರು ಹನಿ. ಫೆಬ್ರವರಿ ಮಧ್ಯದಲ್ಲಿ ಇನ್ನೊಮ್ಮೆ ಅಂಟಿಸಿದೆ, ಹಾಳೆ ಒಣಗಿತ್ತು. ಬಕೆಟ್‌ನಲ್ಲಿ ಉಳಿದ ಬಣ್ಣವನ್ನು ಡಬ್ಬಕ್ಕೆ ಸುರಿದು ಬಿಗಿಯಾಗಿ ಮುಚ್ಚಿ ಇಟ್ಟಿದ್ದೇನೆ. ಗಾರೆಯವರು ಈ ಭಾನುವಾರ ಬರ್ತಾರೆ. ಯುಗಾದಿಗೆ ಇನ್ನೂ ಟೈಮ್ ಇದೆ.