ಜೋಗಿಮಟ್ಟಿಯ ಬೋಳು ನೆಲ

10 ನವೆಂಬರ್ 2024, ಭಾನುವಾರ
ಚಿತ್ರದುರ್ಗ

ಜೋಗಿಮಟ್ಟಿ ಕಾಡು ಅಂದ ತಕ್ಷಣ ಎಲ್ಲರ ಬಾಯಲ್ಲೂ ಚಿರತೆ, ಕರಡಿ, ನವಿಲು. ಇವತ್ತು ನಾನು ಹೋದದ್ದು ಹುಳ ನೋಡೋಕೆ. ದಾರಿ ಪಕ್ಕದ ಗಟ್ಟಿ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನ್ನು ಕಂಡು ಕಾವಲಿನವರೊಬ್ಬರು ಹತ್ತಿರ ಬಂದರು.

"ಅಲ್ಲೇನೈತೆ ಸಾರ್, ಬರೀ ಮಣ್ಣು."

ನನಗೆ ಮಣ್ಣೇ ಬೇಕಾಗಿತ್ತು. ನಮಗೆ ಜೇನು ಅಂದರೆ ಹೆಜ್ಜೇನು, ತುಡುವೆ, ಕೋಲುಜೇನು ಅಷ್ಟೇ. ಜಗತ್ತಿನಲ್ಲಿ 20,000ಕ್ಕೂ ಜಾಸ್ತಿ ಜಾತಿಯ ಜೇನುಗಳಿವೆ. ತುಪ್ಪ ಕೂಡಿಡುವವು ಅದರಲ್ಲಿ ತೀರಾ ಕಮ್ಮಿ. ಹೆಚ್ಚಿನವಕ್ಕೆ ರಾಣಿಯೂ ಇಲ್ಲ, ದಂಡೂ ಇಲ್ಲ. ಹೆಣ್ಣೊಂದೇ ನೆಲದಲ್ಲಿ ತೂತು ತೋಡಿ, ಪರಾಗದ ಉಂಡೆ ಕಟ್ಟಿಟ್ಟು, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ.

ಇವತ್ತು ಸಿಕ್ಕಿದ್ದು ಮಾತ್ರ ಕಣಜ. ಸೊಂಟ ದಾರದಷ್ಟೇ. ತನಗಿಂತ ದಪ್ಪದ ಹಸಿರು ಹುಳವೊಂದನ್ನು ಎಳೆದು ತರುತ್ತಿತ್ತು. ಹುಳ ಸತ್ತಿರುವುದಿಲ್ಲ, ಚುಚ್ಚಿ ಮರಗಟ್ಟಿಸಿರುತ್ತದೆ ಅಷ್ಟೇ. ಸತ್ತರೆ ಕೊಳೆಯುತ್ತದೆ, ಮರಿಗೆ ಊಟ ಕೆಡುತ್ತದಲ್ಲ! ತೂತಿನೊಳಗೆ ತಾನು ಮೊದಲು ಇಳಿದು, ಆಮೇಲೆ ಹುಳವನ್ನು ಒಳಗೆಳೆದುಕೊಂಡಿತು. ಹೊರಗೆ ಬಂದು ಬಾಯಿ ಮುಚ್ಚೋಕೆ ಕಲ್ಲು ಹುಡುಕಿತು. ಒಂದು ಕಲ್ಲು ಎತ್ತಿತು, ಸರಿಹೋಗಲಿಲ್ಲ, ಬಿಸಾಕಿತು. ಇನ್ನೊಂದು ಸರಿಯಾಗಿ ಕೂತಿತು. ಮೇಲೆ ಮಣ್ಣು ಎಳೆದು ಹಾರಿಹೋಯಿತು. ಜಾಗ ಗೊತ್ತಿದ್ದ ನನಗೇ ಆಮೇಲೆ ತೂತು ಕಾಣಲಿಲ್ಲ.

ಅಲ್ಲೇ ಒಂದು ಇರುವೆ ಗಡಿಬಿಡಿಯಲ್ಲಿ ಓಡಾಡುತ್ತಿತ್ತು. ಕೆಂಪು ಎದೆ, ಕಪ್ಪು ಹೊಟ್ಟೆ ಮೇಲೆ ಬಿಳಿ ಚುಕ್ಕೆ, ಮೈತುಂಬ ರೋಮ. ಇರುವೆ ಅಲ್ಲ ಅದು, ರೆಕ್ಕೆಯಿಲ್ಲದ ಹೆಣ್ಣು ಕಣಜ. ಬೇರೆ ಕಣಜ, ಜೇನುಗಳ ಗೂಡು ಹೊಕ್ಕು, ಒಳಗಿರುವ ಮರಿಯ ಮೇಲೆ ಮೊಟ್ಟೆಯಿಡುತ್ತದೆ. ಇದರ ಮರಿ ಅದನ್ನು ತಿಂದು ಬೆಳೆಯುತ್ತದೆ. ಚುಚ್ಚಿದರೆ ಜೋರು ಉರಿಯಂತೆ. ನಾನು ಪರೀಕ್ಷೆ ಮಾಡಲಿಲ್ಲ. ಅಂದಹಾಗೆ, ನಿಜವಾದ ಇರುವೆಗಳೂ ಕಣಜದ ವಂಶದವೇ, 10 ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದವು.

ಬೋಳು ನೆಲ ಕಂಡರೆ ಸಾಕು, ಗುಂಡಿ ತೋಡಿ ಸಸಿ ನೆಡುವ ಹುಮ್ಮಸ್ಸು ನಮ್ಮ ಜನಕ್ಕೆ. ಕುರುಚಲು ಕಾಡಿನ ಬಿಸಿಲು ಬೀಳುವ ನೆಲ ಪಾಳು ಅಲ್ಲ. ಅಲ್ಲಿ ನೆರಳು ಕವಿದು ತರಗೆಲೆ ತುಂಬಿದರೆ ಇಂಥ ಎಷ್ಟೋ ಹುಳಗಳಿಗೆ ಮನೆಯೇ ಇಲ್ಲ. ಇದನ್ನೇ ಆ ಕಾವಲಿನವರಿಗೂ ಹೇಳಿದೆ.

"ಹಂಗಾದ್ರೆ ಒಂದು ಬೋರ್ಡ್ ಹಾಕ್ಬೇಕು ಸಾರ್, ಇಲ್ಲಿ ಗುಂಡಿ ತೋಡ್ಬ್ಯಾಡ್ರಿ ಅಂತ."

"ಬೋರ್ಡಿನ ಕಂಬ ನೆಡೋಕೆ ಗುಂಡಿ ತೋಡ್ಬೇಕಲ್ವಾ?"

ಅವರು ನಕ್ಕರು. "ಮರಕ್ಕೆ ಕಟ್ಟಾನ ಬಿಡ್ರಿ."